ನ್ಯಾಯದ ಬಾಡಿಗೆ

ಗುಂಗುರು ಕೂದಲನ್ನು ನೇರಮಾಡುವ ಬಿಸಿ ಬಾಚಣಿಗೆಯನ್ನು ಒದ್ದೆ ಬಟ್ಟೆಗೆ ಒತ್ತಿ ಕಾವು ಇಳಿಸಿಕೊಂಡು, ರೊಸೆಟಾ ತಾಯಿಯ ನರೆಗೂದಲನ್ನು ಇನ್ನೊಮ್ಮೆ ಹಿಂದಕ್ಕೆಳೆದಳು. ಶವಕ್ಕೆ ಸಿಂಗಾರ ಮಾಡುವವರು ತಾವೇ ಬಾಚುತ್ತೇವೆಂದರೂ ಅವಳು ಬಿಟ್ಟಿರಲಿಲ್ಲ. ಡಯಾಲಿಸಿಸ್ ಸೂಜಿಗೆ ಸೋತ ತನ್ನ ತೋಳಿಗೆ ಆಗಾಗ ಬಿಡುವು ಕೊಟ್ಟು ಬಾಚುತ್ತಿದ್ದಳು.

"ಸಾಕು ಬಿಡಮ್ಮಾ, ಚರ್ಚಲ್ಲಿ ಜನ ಕಾಯ್ತಿದಾರೆ," ಎಂದ ಸೋದರಮಾವ ರಾಸ್ಕೊ.

ಕೂದಲು ಮುಗಿಸಿ ಬಿಳಿಯ ಕೈಗವಸು ತೊಡಿಸಹೋದಾಗ ತಾಯಿಯ ಬೆರಳುಗಳು ಕಂಡವು. ಬ್ಲೀಚಿನ ನೀರಿಗೆ ಸಿಪ್ಪೆಯೆದ್ದು ಬಿರಿದಿದ್ದವು.

ಎಪ್ಪತ್ತು ದಾಟಿದ ತಾಯಿ ಅರ್ಲೀನ್‌ಗೆ ಕಚೇರಿಗಳ ಮೆಟ್ಟಿಲು ಒರೆಸುವ ಕೆಲಸ ಏಕೆ ಬೇಕಿತ್ತೆಂದು ಅಮೆರಿಕದ ಟೊಲೀಡೊ ಊರಿನ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಆಯಸ್ಸೆಲ್ಲ ಸವೆಸಿ ನಿವೃತ್ತಳಾದವಳು. ಯಾರಾದರೂ ಕೇಳಿದರೆ, ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ನಗುತ್ತಿದ್ದಳು. ಹೋದ ವಾರ, ತಾನೇ ಒರೆಸಿದ ಮೆಟ್ಟಿಲ ಮೇಲೆ ಜಾರಿ ಬಿದ್ದವಳು ಮತ್ತೆ ಏಳಲಿಲ್ಲ.

*

ಕೆಲವು ವರ್ಷಗಳ ಹಿಂದೆ ಮನೆ ಮಾಲೀಕ ಜಾನಿಕ್ ಬಾಡಿಗೆ ಏರಿಸಲು ಹೊರಟಿದ್ದ. ಆ ಬಾಡಿಗೆಯಲ್ಲಿ ದೊಡ್ಡ ಪಾಲನ್ನು ಬಡವರ ನೆರವೆಂದು ಸರ್ಕಾರ ಕಟ್ಟುತ್ತಿತ್ತು, ತಾಯಿ ಮಗಳದು ಅಲ್ಪ. ಸರ್ಕಾರದ ದುಡ್ಡೆಂದ ಮೇಲೆ ಮಾಲೀಕ ಬಾಯಿಗೆ ಬಂದಷ್ಟು ಕೇಳುವಂತಿಲ್ಲ. ನೆರವಿಲ್ಲದವರು ಅಂಥದೇ ಮನೆಗೆ ಎಷ್ಟು ಕೊಡುತ್ತಾರೋ ಅದನ್ನು ಮೀರಬಾರದು. ವಸತಿ ಕಚೇರಿಯ ಮಿಸೆಸ್ ಟ್ರಾವಿಸ್ ಬಂದು ಕೋಣೆ, ಕಿಟಕಿ, ನಲ್ಲಿ ಎಲ್ಲ ನೋಡಿ, ಸುತ್ತಲಿನ ಮನೆಗಳನ್ನೂ ವಿಚಾರಿಸಿ, ಇವನು ಕೇಳಿದ್ದು ನ್ಯಾಯವಲ್ಲವೆಂದು ಹೇಳಿ ಹೋದರು. ಹಾಗಾದರೆ ಮನೆ ಖಾಲಿ ಮಾಡಿ ಎಂದ ಜಾನಿಕ್.

ನೆರವಿನ ಬಾಡಿಗೆಯವರೆಂದರೆ ಬಾಗಿಲು ತೆರೆಯುವ ಮಾಲೀಕರು ಅಪರೂಪ. ಮೇಲಾಗಿ ಡಯಾಲಿಸಿಸ್ ಕೇಂದ್ರ ಇದ್ದದ್ದು ರಸ್ತೆಯ ಆಚೆಗೇ. ಸೂಜಿ ತೆಗೆದ ಮೇಲೆ ರೊಸೆಟಾ ಅಲ್ಲಿಂದ ಹೇಗೋ ಕಾಲೆಳೆದುಕೊಂಡು ಮನೆ ಸೇರಬಲ್ಲವಳಾಗಿದ್ದಳು.

ಅರ್ಲೀನ್ ಒಂದು ಸಂಜೆ ಜಾನಿಕ್‌ನನ್ನು ಜಗಲಿಯಲ್ಲಿ ಕೂರಿಸಿ, ಸಿಹಿಗೆಣಸಿನ ಪೈ ಕೊಟ್ಟು ಬಹಳ ಹೊತ್ತು ಮಾತಾಡಿದಳು. ಒಳಗೆ ಬಂದಾಗ ಮುಖ ಅರಳಿತ್ತು.

"ಒಪ್ಕೊಂಡ ಕಣೆ. ಕಚೇರಿಯೋರು ಹೇಳಿದ ಬಾಡಿಗೇನೇ ಸಾಕಂತೆ."

"ಅದು ಹೇಗಮ್ಮ?"

"ನನ್ನ ಪೈ ತಿಂದೋರು ಇಲ್ಲ ಅಂತಾರೇನೆ?"

ಮುಂದಿನ ವಾರದಿಂದ ಅವಳು ಮೆಟ್ಟಿಲು ಒರೆಸಲು ಹೋಗತೊಡಗಿದಳು.

*

ಮಣ್ಣು ಮುಗಿಸಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಕರಿದ ಕೋಳಿಯ ತಟ್ಟೆಯೆದುರು ಕೂತು ರಾಸ್ಕೊ, ಶಾಲೆಯಲ್ಲಿ ಹಸಿದ ಮಕ್ಕಳಿಗೆ ಅಕ್ಕ ಕದ್ದುಮುಚ್ಚಿ ಎರಡನೇ ಸಲ ಬಡಿಸಿ ಬೈಸಿಕೊಳ್ಳುತ್ತಿದ್ದ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಮಿಸೆಸ್ ಟ್ರಾವಿಸ್ ಕೂಡ ಬಂದಿದ್ದರು. ರೊಸೆಟಾಳ ಭುಜ ಸವರಿ, ತಕರಾರಿಲ್ಲದೆ ನ್ಯಾಯದ ಬಾಡಿಗೆಗೆ ಒಪ್ಪಿದ ಜಾನಿಕ್‌ನ ಹೆಸರನ್ನು ಬೇರೆ ಮಾಲೀಕರಿಗೆಲ್ಲ ಹೇಳುತ್ತಿರುತ್ತೇನೆ ಎಂದು ತಿಳಿಸಿ, ಆಚೆ ಮೇಜಿಗೆ ಹೋಗಿ ಕೂತರು.

ಆಮೇಲೆ ಜಾನಿಕ್ ಬಂದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಇವತ್ತು ಎತ್ತೋ ಮಾತಲ್ಲ ರೊಸೆಟಾ. ನಿಮ್ಮಮ್ಮ ಪ್ರತಿ ತಿಂಗಳು ಬೇರೆಯಾಗಿ ಕೈಯಲ್ಲಿ ಒಂದಿಷ್ಟು ಕೊಡೋರು."

"ಯಾವ ಒಂದಿಷ್ಟು?"

"ನಾನು ಕೇಳಿದ ಬಾಡಿಗೇಲಿ ಕಚೇರಿಯೋರು ಕಡಿದಷ್ಟು. ನಾನು ಕೇಳಿದ್ದಲ್ಲಮ್ಮ, ನಿಮ್ಮಮ್ಮನೇ ಕೊಡ್ತೀನಿ ಅಂದಿದ್ದು. ಮಗಳಿಗೆ ಗೊತ್ತಾಗೋದು ಬೇಡ ಅಂದ್ರು. ನನಗೂ ತೆರಿಗೆ, ಸೂರಿನ ಖರ್ಚು…"

ಸುಳ್ಳಲ್ಲವೆಂದು ಅವಳಿಗೆ ತಿಳಿಯಿತು. ಅಮ್ಮನೇ ಅಂದಿರಬೇಕು. ನಗುನಗುತ್ತಲೇ ಅಂದಿರಬೇಕು. ಕೈಗವಸಿನೊಳಗೆ ಮುಚ್ಚಿಟ್ಟು ಬಂದ ಆ ಬೆರಳುಗಳು ಯಾವುದಕ್ಕಾಗಿ ಬಿರಿದವೆಂದು ಈಗ ಅರ್ಥವಾಯಿತು.

"ನನ್ನ ಕೈಲಿ ಆಗಲ್ಲ ಅಂದ್ರೆ?"

ಈ ತಿಂಗಳು ಬೇಡ, ನಿಧಾನವಾಗಿ ಯೋಚಿಸು ಎಂದು ಅವನು ಮೆಲ್ಲನೆ ಹೇಳಿ ಸರಿದುಹೋದ.

ಯೋಚಿಸುವುದಕ್ಕೆ ಏನಿತ್ತು? ಬಾಯಿ ಮುಚ್ಚಿಕೊಂಡರೆ ಅಷ್ಟು ಹಣ ದುಡಿಯುವ ಮೈ ಅವಳಿಗಿರಲಿಲ್ಲ. ಬಾಯಿ ಬಿಟ್ಟರೆ ಮನೆ ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅವಳು ಕುರ್ಚಿಯಿಂದ ಕುರ್ಚಿಗೆ ಕೈಯೂರುತ್ತ ಮಿಸೆಸ್ ಟ್ರಾವಿಸ್ ಬಳಿ ಹೋಗಿ, ಕೂತು, ಎಲ್ಲವನ್ನೂ ಹೇಳಿದಳು.

ಅವರು ಬಾಯಿಯಲ್ಲಿದ್ದ ತುತ್ತನ್ನು ಕಷ್ಟಪಟ್ಟು ನುಂಗಿದರು.

"ಇದನ್ನ ನನ್ನ ಹತ್ರ ಹೇಳಬಾರದಿತ್ತಮ್ಮ. ಕೇಳಿದ ಮೇಲೆ ನಾನು ಸುಮ್ಮನಿರೋ ಹಾಗಿಲ್ಲ. ಲೆಕ್ಕದ ಹೊರಗೆ ದುಡ್ಡು ತಗೊಂಡಿದ್ದಕ್ಕೆ ಅವನ ಕರಾರು ರದ್ದಾಗುತ್ತೆ. ಆ ಮನೆ ನಿನಗೆ ಉಳಿಯಲ್ಲ."

"ಗೊತ್ತು."

"ಎಲ್ಲಿಗೆ ಹೋಗ್ತೀಯ?"

"ಗೊತ್ತಿಲ್ಲ. ಅದು ನ್ಯಾಯದ ಬಾಡಿಗೆ ಅಂತ ಊರಿಗೆಲ್ಲ ಹೇಳ್ತಿದ್ರಲ್ಲ ಮೇಡಂ. ಇನ್ನು ಹೇಳಬೇಡಿ."

ಆಚೆ ಬಾಗಿಲ ಬಳಿ ಚರ್ಚಿನ ಹೆಂಗಸರು ಉಳಿದ ಊಟ ಕಟ್ಟುತ್ತಿದ್ದರು. ನಮ್ಮ ಅರ್ಲೀನ್ ನಿಮ್ಮ ಬಗ್ಗೆ ಒಳ್ಳೇದೇ ಹೇಳೋರು ಎನ್ನುತ್ತ ಜಾನಿಕ್‌ನ ಕೈಗೆ ತುಂಬಿದ ತಟ್ಟೆಯೊಂದನ್ನಿಟ್ಟು, ಮನೆಯವರಿಗಿರಲಿ ಎಂದು ಅದರ ಮೇಲೆ ಇನ್ನೊಂದನ್ನೂ ಹೇರಿದರು. ಎರಡೂ ಕೈ ತುಂಬಿ ಅವನು ಬಾಗಿಲೆದುರು ನಿಂತುಬಿಟ್ಟ. ರಾಸ್ಕೊ ಓಡಿಹೋಗಿ ಬಾಗಿಲು ತೆರೆದು ಹಿಡಿದುಕೊಂಡ. ದಾಟಿಹೋಗುವಾಗ ಜಾನಿಕ್‌ನ ಬೆನ್ನನ್ನು ಪ್ರೀತಿಯಿಂದ ಎರಡು ಸಲ ತಟ್ಟಿದ.