ಎರಡನೇ ನಂಬರಿನ ದೀಪ

ಈತನಿಗೆ ಹಲ್ಲು ಜಾಸ್ತಿಯಾಯಿತು, ಹೋದ ವಾರಕ್ಕಿಂತ ಬೆಳ್ಳಗಾಗಿವೆ, ಟಿವಿಯಲ್ಲಿ ಕ್ವಿಜ್ ನಡೆಸುವವನಿಗೆ ಇಷ್ಟೊಂದು ಹಲ್ಲು ಯಾಕೆ, ಪ್ರಶ್ನೆ ಕೇಳುವುದಕ್ಕೆ ನಾಲಿಗೆ ಸಾಲದೇ, ಎಂದುಕೊಳ್ಳುತ್ತ ಅವಳು ಸೋಫಾದಲ್ಲಿ ಕಾಲು ಮಡಚಿ ಕೂತಳು, ಕೈ ತನ್ನ ಪಾಡಿಗೆ ತಾನು ಪೆಟ್ಟಿಗೆಯ ರಿಮೋಟಿಗೆ ಹೋಯಿತು, ಮೂರು ಒತ್ತಿದಳು, ಅದು ತನ್ನದು, ಆಮೇಲೆ ಎರಡು, ಅದು ಅತ್ತೆಯದು — ಅತ್ತೆ ಸತ್ತು ತಿಂಗಳಾಯಿತು. ಟಿವಿಯ ಮೇಲಿನ ಪೆಟ್ಟಿಗೆಯಲ್ಲಿ ಎರಡು ಹಸಿರು ದೀಪ ಹತ್ತಿದವು. ಯಾವ ಮನೆಯಲ್ಲಿ ಯಾರು ಏನು ನೋಡುತ್ತಾರೆಂದು ಅಳೆಯುವ ಕಂಪನಿಯ ಪೆಟ್ಟಿಗೆ, ಗಂಡ ಒಂದು, ಅತ್ತೆ ಎರಡು, ಇವಳು ಮೂರು, ಕೂತಾಗ ಒತ್ತಬೇಕು, ಎದ್ದಾಗ ಒತ್ತಬೇಕು, ನಡುನಡುವೆ ದೀಪ ಮಿಟುಕಿ ಇದ್ದೀರಾ ಎಂದು ಕೇಳುತ್ತದೆ, ಒತ್ತದಿದ್ದರೆ ಎದ್ದುಹೋದರೆಂದು ಲೆಕ್ಕ ಹಾಕಿ ತಾನೇ ಆರುತ್ತದೆ. ಇವತ್ತು ಪೆಟ್ಟಿಗೆಯವನು ಬರ್ತಾನೆ, ಎರಡನ್ನ ತೆಗೆಸಿಬಿಡು, ಅಂದಿದ್ದ ಗಂಡ ಬೆಳಿಗ್ಗೆ, ಗಡ್ಡ ಹೆರೆಯುತ್ತ, ಕನ್ನಡಿಗೆ ಹೇಳುವವನಂತೆ, ಅಮ್ಮನ ನಂಬರು ಇನ್ನೂ ಒತ್ತುತಾ ಕೂತಿದೀಯಲ್ಲ, ತಲೆ ನೆಟ್ಟಗಿದೆಯಾ ನಿಂಗೆ. ನೆಟ್ಟಗೇ ಇದೆ. ಲಾಂಡ್ರಿಯಲ್ಲಿ ಹಗಲೆಲ್ಲ ಹೋಟೆಲಿನ ಚಾದರಗಳ ಮೇಲೆ ಇಸ್ತ್ರಿ ಎಳೆದು ಬರುತ್ತಾಳೆ, ಒಂದರ ಮೂಲೆಯೂ ಸುಟ್ಟಿಲ್ಲ.

ಆಕ್ಟೋಪಸ್‌ಗೆ ಎಷ್ಟು ಹೃದಯ, ಕೇಳುತ್ತಿದ್ದಾನೆ ಹಲ್ಲಿನವನು, ಅತ್ತೆ ಇದ್ದಿದ್ದರೆ ಆಯ್ಕೆಗಳು ಬರುವ ಮೊದಲೇ ಒಂದು! ಎಂದು ಕೂಗುತ್ತಿದ್ದಳು, ಎಷ್ಟಿರುತ್ತೆ ಮತ್ತೆ, ಮೂರು ಅಂತ ಬಂದರೆ ಸೋಲುವ ಜಾತಿಯಲ್ಲ, ಇವರೇನು ಕೊಯ್ದು ನೋಡಿದ್ರಾ, ಎಲ್ಲೋ ತಪ್ಪು ಪುಸ್ತಕ ಓದಿರ್ತಾರೆ. ಅತ್ತೆ ಸರಿಯುತ್ತರ ಹೇಳಿದ್ದು ನೆನಪಿಲ್ಲ, ಗಂಟಲು ಮಾತ್ರ ಯಾವತ್ತೂ ಇಳಿಯಲಿಲ್ಲ. ಬ್ರೇಕು, ಚಾನೆಲ್ ತಿರುಗಿಸಿದಳು, ಅಡುಗೆ ಸ್ಪರ್ಧೆ, ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ ತೀರ್ಪುಗಾರರು, ಹಸಿದವರು ಯಾರೂ ಹಾಗೆ ಮುಚ್ಚುವುದಿಲ್ಲ, ಹಾಡಿನ ಸ್ಪರ್ಧೆ, ಮಗು ಹಾಡುವುದಕ್ಕಿಂತ ತಾಯಿ ಅಳುವುದನ್ನೇ ಹೆಚ್ಚು ತೋರಿಸುತ್ತಾರೆ, ಕ್ಯಾಮೆರಾ ತಿರುಗಿದ ತಕ್ಷಣ ಕಣ್ಣಲ್ಲಿ ನೀರು, ಅದು ಹೇಗೆ ಬರುತ್ತದೋ, ಅತ್ತೆ ಹೋದ ದಿನ ತನಗೆ ಬರಲಿಲ್ಲ, ಒಂದು ಹನಿನೂ ಉದುರಲಿಲ್ಲ ನೋಡು ಇವಳಿಗೆ, ಅಂದಳು ನಾದಿನಿ, ಕೇಳಲೆಂದೇ ಬಾಗಿಲಲ್ಲಿ ನಿಂತು. ಚಾನೆಲ್ ಮುಂದಕ್ಕೆ ಹೋಯಿತು. ಅಂತರಿಕ್ಷದ ಹಡಗು. ಬೆರಳು ಅಲ್ಲೇ ನಿಂತಿತು.

ಇದು ಇವಳ ಷೋ. ಅಷ್ಟು ದೊಡ್ಡ ಹಡಗಿನಲ್ಲಿ ಎಲ್ಲರದೂ ಒಂದೇ ಬೂದು ಅಂಗಿ, ತೋಳಲ್ಲಿ ಒಂದು ಸುಕ್ಕಿಲ್ಲ, ಹಾಗಿದ್ದರೆ ಎಲ್ಲೋ ಕೆಳಗಿನ ಕೋಣೆಯಲ್ಲಿ ಒಬ್ಬಳು ನಿಂತು ಇಸ್ತ್ರಿ ಮಾಡುತ್ತಿರಲೇಬೇಕು, ಅವಳನ್ನು ಒಂದು ದಿನವೂ ತೋರಿಸಿಲ್ಲ, ಅವಳಿಗಾಗಿಯೇ ನೋಡುತ್ತಾಳೆ ಇವಳು. ಇವರಿಗೆ ಮನೆಮಠ ಇಲ್ವೇನೇ, ಅನ್ನುತ್ತಿದ್ದಳು ಅತ್ತೆ, ಎಲ್ಲಿಗೆ ಹೋಗ್ತಿದಾರೆ ಅಂತ ಅವರಿಗಾದ್ರೂ ಗೊತ್ತಾ, ನನ್ನ ಕ್ವಿಜ್ ಹಾಕು, ಅರ್ಧ ಗಂಟೆ ತಡೀರಿ ಅತ್ತೆ, ನಿನ್ನ ಅರ್ಧ ಗಂಟೆ ನಂಗೊತ್ತಿಲ್ವಾ. ಆ ದಿನವೂ ಅಷ್ಟೇ ಜಗಳ, ಅತ್ತೆ ಮುಖ ಊದಿಸಿ ಕುರ್ಚಿಗೆ ಒರಗಿದಳು, ಕನ್ನಡಕ ಮೂಗಿನ ತುದಿಗೆ ಜಾರಿತು, ಮುದುಕಿ ದಿನಾ ತೂಕಡಿಸುತ್ತಾಳೆ, ಹಡಗಿನ ಗೋಡೆ ಬಿರುಕು ಬಿಟ್ಟಿತ್ತು, ಗಾಳಿ ಸೋರುತ್ತಿತ್ತು, ಎರಡನೇ ದೀಪ ಮಿಟುಕಿತು, ಅತ್ತೆಯ ಕೈ ಬರಲಿಲ್ಲ, ಇವಳು ಪರದೆಯಿಂದ ಕಣ್ಣು ಕೀಳದೆ ತಾನೇ ಒತ್ತಿದಳು, ದೀಪ ನಿಂತಿತು. ಇನ್ನೊಮ್ಮೆ ಮಿಟುಕಿತು. ಇನ್ನೊಮ್ಮೆ ಒತ್ತಿದಳು. ಮುಗಿದ ಮೇಲೆ ಏಳಿ ಅತ್ತೆ ಊಟಕ್ಕೆ ಅಂದಳು. ಸುಮಾರು ಹೊತ್ತಾಗಿದೆ, ನಿದ್ದೇಲೇ ಹೋಗಿದಾರೆ, ಯಾರಿದ್ರೂ ಏನೂ ಮಾಡೋಕಾಗ್ತಿರಲಿಲ್ಲ, ಅಂದರು ಡಾಕ್ಟರು, ಸಮಾಧಾನಕ್ಕೇ ಇರಬೇಕು. ಕಂಪನಿಯ ಲೆಕ್ಕದಲ್ಲಿ ಅತ್ತೆ ತನಗಾಗದ ಷೋವನ್ನು ಕೊನೆಯವರೆಗೂ ನೋಡಿದಳು.

ಬಾಗಿಲ ಗಂಟೆ. ಪೆಟ್ಟಿಗೆಯವನು ಒಳಗೆ ಬಂದ, ಚಪ್ಪಲಿ ಬಿಟ್ಟ, ಕೈಯಲ್ಲಿನ ಯಂತ್ರ ನೋಡಿ ನಕ್ಕ, ನಿಮ್ಮತ್ತೆಯವರು ಎಷ್ಟು ಸರಿಯಾಗಿ ಒತ್ತುತಾರೆ ಮೇಡಂ, ಬೇರೆ ಮನೇಲಿ ವಯಸ್ಸಾದವರು ಮರೆತೇಬಿಡ್ತಾರೆ, ಎಲ್ಲಿ, ಮಲಗಿದಾರಾ? ತೀರಿಕೊಂಡ್ರು. ಅಯ್ಯೋ, ಯಾವಾಗ? ಹೋದ ತಿಂಗಳು. ಅವನು ದೀಪ ನೋಡಿದ, ಖಾಲಿ ಕುರ್ಚಿ ನೋಡಿದ, ಅದರ ಮೇಲೆ ಮಡಿಸಿಟ್ಟ ಟವೆಲುಗಳನ್ನು ನೋಡಿದ, ಆಮೇಲೆ ಗಂಟಲು ಸರಿಮಾಡಿಕೊಂಡು, ಹಾಗಾದ್ರೆ ಈಗಲೇ ತೆಗೆದುಬಿಡ್ಲಾ, ಒಂದು ಗುಂಡಿ ಅಷ್ಟೆ. ತಡೀರಿ. ಯಾಕೆ ಮೇಡಂ? ಅದೇ ಆರ್ಲಿ. ಅದು ಆರ್ಬೇಕಾದ್ರೆ ಮೊದಲು ಕೇಳುತ್ತೆ, ಸ್ವಲ್ಪ ಹೊತ್ತಾಗುತ್ತೆ. ಕೇಳ್ಲಿ, ಕೂತ್ಕೊಳ್ಳಿ. ಅವನು ಸೋಫಾದ ಅಂಚಿನಲ್ಲಿ ಕೂತ, ಇವಳು ಕ್ವಿಜ್‌ಗೆ ತಿರುಗಿಸಿದಳು, ಹಲ್ಲಿನವನು ಖಚಿತಾನಾ, ಖಚಿತಾನಾ ಎನ್ನುತ್ತಿದ್ದ, ಎದುರಿಗಿದ್ದವನು ಬೆವರುತ್ತಿದ್ದ, ಯಾರೂ ಉತ್ತರ ಕೂಗಲಿಲ್ಲ, ಮನೆ ಇಷ್ಟು ಸದ್ದಿಲ್ಲದೆ ಕ್ವಿಜ್ ನೋಡಿದ್ದೇ ಇಲ್ಲ, ಅವಳು ರಿಮೋಟನ್ನು ನೆಲದ ಮೇಲಿಟ್ಟಳು, ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಳು, ಆ ದಿನ ಸುಮ್ಮನಿದ್ದಿದ್ದರೆ ಅದು ತನ್ನ ಹೊತ್ತಿಗೆ ಆರುತ್ತಿತ್ತು, ಕತ್ತಲಾದ ಆ ಜಾಗ ಕಣ್ಣಿಗೆ ಬಿದ್ದಿದ್ದರೆ ಅತ್ತೆಯ ಕಡೆ ತಿರುಗಿ ನೋಡುತ್ತಿದ್ದಳು — ನೋಡಿ, ಮಿಟುಕ್ತಾ ಇದೆ, ಅಂದ ಅವನು ಮೆಲ್ಲಗೆ. ಮಿಟುಕುತ್ತಿದೆ. ತೊಡೆಯ ಕೆಳಗೆ ಬೆರಳು ಮಿಸುಕಿತು, ಮೈಭಾರ ಹಾಕಿ ಕೂತಳು. ಎರಡು, ಹಸಿರು, ಹತ್ತಿ, ಆರಿ, ಹತ್ತಿ, ಇದ್ದೀರಾ, ಆರಿ, ಇದ್ದೀರಾ, ಹತ್ತಿ