ಅಕ್ಕೋರ ಪೇಟಿ

ಹಾರ್ಮೋನಿಯಮ್ಮಿಗೆ ನಮ್ಮ ಶಹಾಬಾದಿನಲ್ಲಿ ಪೇಟಿ ಅನ್ನುತ್ತಾರೆ. ಮದುವೆಯ ಹೊತ್ತಿಗೆ ಅಪ್ಪ, ಬಂಗಾರದ ಬಳೆ ಬೇಕೋ ಪೇಟಿ ಬೇಕೋ ಎಂದು ಕೇಳಿದಾಗ ಪೇಟಿಯೇ ಬೇಕೆಂದು ಹಟ ಹಿಡಿದವಳು ನಾನು. ಬರಿಗೈಯಲ್ಲಿ ಬಂದ ಸೊಸೆ ಎಂದು ಅತ್ತೆ ವರ್ಷಗಟ್ಟಲೆ ಮುಖ ಸಿಂಡರಿಸಿದರು. ಸಿಂಡರಿಸಲಿ, ನನಗೇನು. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ಅಕ್ಕನ ಬಳಗದ ಹೆಂಗಸರಿಗೆ ಇಪ್ಪತ್ತೆರಡು ವರ್ಷ ವಚನ ಹಾಡಲು ಕಲಿಸಿದೆ. ನಾಗರತ್ನಾ ಎಂಬ ಹೆಸರು ಎಲ್ಲರಿಗೂ ಮರೆತೇ ಹೋಗಿ ಊರಿಗೆಲ್ಲ ಅಕ್ಕೋರಾದೆ. ಸೋಮವಾರದ ಭಜನೆಯಲ್ಲಿ ಯಾರ ಸ್ವರ ಒಂದಿಷ್ಟು ಜಾರಿದರೂ ಅಲ್ಲೇ ನಿಲ್ಲಿಸಿ ಬೈಯುತ್ತಿದ್ದೆ.

ಹೋದ ವರ್ಷ ಎಡಭುಜ ಹಿಡಿದುಕೊಂಡಿತು. ತಿದಿ ಒತ್ತಲು ಕೈ ಏಳದು. ಪೇಟಿ ಮೂಲೆ ಸೇರಿತು. ದಿನಾ ಅದರ ಧೂಳು ಒರೆಸುವುದಷ್ಟೇ ಉಳಿಯಿತು. ನುಡಿಸುವವರಿಗಾದರೂ ಕೊಡೋಣ ಎಂದು ಕೊನೆಗೊಮ್ಮೆ ಮನಸ್ಸು ಗಟ್ಟಿಮಾಡಿ ಭಂಕೂರದ ಭುವನೇಶ್ವರಿಯನ್ನು ಕರೆಸಿದೆ. ಬಳಗದಲ್ಲಿ ಅವಳಷ್ಟು ಚಂದ ಹಾಡುವವರು, ನುಡಿಸುವವರು ಬೇರೆ ಯಾರೂ ಇಲ್ಲ.

ಬಂದಳು, ಕೂತಳು, ಫೋನಿನಲ್ಲಿ ತಂಬೂರಿಯ ಶ್ರುತಿ ಹಚ್ಚಿ ಬೆರಳಾಡಿಸಿದಳು. ಮೇಲಿನ ಸಪ್ತಕಕ್ಕೆ ಹೋದವಳು ಗಕ್ಕನೆ ನಿಂತಳು. ಮತ್ತೊಮ್ಮೆ ನುಡಿಸಿ ನೋಡಿದಳು. ಆಮೇಲೆ ಮನೆಯಲ್ಲಿ ಇಡಲು ಜಾಗವಿಲ್ಲ, ಮಕ್ಕಳು ಹಾಳು ಮಾಡುತ್ತವೆ ಎಂದು ಏನೇನೋ ನೆಪ ಹೇಳಿ ಎದ್ದಳು. ನನಗೆ ಮೈಯೆಲ್ಲ ಉರಿಯಿತು. ಹಳೆಯದೆಂದು ಇವಳಿಗೆ ನನ್ನ ಪೇಟಿ ಬೇಡವಾಯಿತೆ? ಹೊಸದರಂತೆ ಮಾಡಿಸಿ ತಂದು ಇವಳ ಮುಂದೆ ಇಡದಿದ್ದರೆ ನಾನು ಅಕ್ಕೋರೇ ಅಲ್ಲ ಅಂದುಕೊಂಡು, ಮರುದಿನವೇ ಪೇಟಿಯನ್ನು ಟಂಟಂ ಆಟೋದಲ್ಲಿ ಹಾಕಿಸಿಕೊಂಡು ವಾಡಿಗೆ ಹೋದೆ.

ಸ್ಟೇಷನ್ ಹತ್ತಿರ ತಾರೀಕನ ಅಂಗಡಿ. ಅವನ ಅಪ್ಪನ ಕಾಲದಿಂದಲೂ ನನ್ನ ಪೇಟಿಯ ರಿಪೇರಿ ಅಲ್ಲೇ. ಭುವನೇಶ್ವರಿಯ ಧಿಮಾಕನ್ನು ಚೆನ್ನಾಗಿ ವರ್ಣಿಸಿದೆ. ಅವನು ಮೇಲಿನ ಸ್ವರಗಳನ್ನು ಒಂದೊಂದಾಗಿ ನುಡಿಸಿ ತಲೆ ತಗ್ಗಿಸಿದ. ಏನಾಗಿದೆ ಬಾಯಿಬಿಟ್ಟು ಹೇಳು ಎಂದು ಗದರಿದೆ.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ನಾಕು ವರ್ಷದ ಹಿಂದ ನೀವು ಬಂದು, ಮ್ಯಾಲಿನ ಸ್ವರ ಎಲ್ಲಾ ಇಳದಾವ, ಏರಿಸು ಅಂದ್ರಿ. ಸರಿ ಅದಾವ್ರಿ ಅಂತ ನಾ ಎರಡು ಸಲ ಹೇಳ್ದೆ. ನಿಮ್ಮಪ್ಪ ಇದ್ದಿದ್ರ ಅವನಿಗೆ ತಿಳೀತಿತ್ತು ಅಂದ್ರಿ. ಅದಕ್ಕ ನೀವು ಹೇಳ್ದಂಗ ರೀಡ್ ಕೆರದು ಏರಿಸಿದೆ."

ಇಳಿದದ್ದು ಸ್ವರವಲ್ಲ, ನನ್ನ ಕಿವಿ. ಪುಣ್ಯಕ್ಕೆ ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನು ಪೇಟಿ ಬಿಡುವವರೆಗೆ ಮೂರು ವರ್ಷ, ಹದಿನಾಲ್ಕು ಮಂದಿ ಹೆಂಗಸರು ಆ ಸುಳ್ಳು ಸ್ವರಕ್ಕೆ ಗಂಟಲು ಹರಿದುಕೊಂಡಿದ್ದರು. ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ನಾನು ಸುಮ್ಮನೆ ಬಿಡುತ್ತಿದ್ದೆನೆ? ಸ್ವರ ಜಾರಿತು ಎಂದು ನಾನು ಬೈದಾಗಲೆಲ್ಲ ಅವರದೇ ಸರಿಯಿತ್ತು. ನಾಚಿಕೆಯಿಂದ ನನ್ನ ಕಣ್ಣು ತುಂಬಿ ಬಂದವು.

ಪೇಟಿಯೊಳಗೆ ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿ ರೀಡು. ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಈಗ ಇಳಿಸಬಹುದು ಎಂದ ತಾರೀಕ. ಆದರೆ ರೀಡು ಸವೆದು ತೆಳ್ಳಗಾಗಿವೆ, ಒಮ್ಮೆ ಇಳಿಸಿದರೆ ಮತ್ತೆ ಏರಿಸಲಾಗದು. ನಿಮಗೆ ಮಾತ್ರ ಅದು ಇಳಿದಂತೆಯೇ ಕೇಳಿಸುತ್ತದೆ ಎಂದೂ ಹೇಳಿದ.

ನಾನು ಪೇಟಿಯ ಮೇಲೆ ಕೈ ಇಟ್ಟುಕೊಂಡೆ. ಅವನು ಚಹಾ ತರಿಸಿದ. ಅದು ಆರಿತು.

"ಕೆರಿಯಪ್ಪ," ಅಂದೆ. "ಇದು ಇನ್ನ ನಂದಲ್ಲ."

ಸೋಮವಾರ ಭಜನೆಯಲ್ಲಿ ಪೇಟಿಯನ್ನು ಭುವನೇಶ್ವರಿಯ ಮುಂದೆ ಇಡಿಸಿದೆ. ಅವಳು ಫೋನಿನ ಶ್ರುತಿ ಹಚ್ಚಿ ನೋಡಿ ನುಡಿಸತೊಡಗಿದಳು. ಮೇಲಿನ ಸ್ವರಗಳು ನನ್ನ ಕಿವಿಗೆ ಕುಸಿದೇ ಕೇಳಿದವು. ನಿಲ್ಲಿಸು ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆದರೆ ಹೆಂಗಸರು ಕತ್ತಿನ ನರ ಉಬ್ಬಿಸದೆ, ಸಲೀಸಾಗಿ ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ಭುವನೇಶ್ವರಿ ರೂಢಿಯಂತೆ ನನ್ನ ಕಡೆ ನೋಡಿ, ಸ್ವರ ಸರಿ ಇದ್ದವೇ ಎಂದು ಕೇಳಿದಳು. ಎಲ್ಲರೂ ಬೈಗುಳಕ್ಕೆ ಸಿದ್ಧರಾಗಿ ಕೂತರು.

"ನನ್ನ ಕೇಳಬ್ಯಾಡವ್ವ. ನನ್ನ ಕಿವಿ ಹೋಗ್ಯಾವ. ಮೂರು ವರ್ಷ ಸುಮ್ಮಸುಮ್ಮನ ನಿಮ್ಮನ್ನೆಲ್ಲ ಬೈದೀನಿ, ತಪ್ಪಾತು. ಇನ್ನಮ್ಯಾಲ ನೀನೇ ಹೇಳು, ನಾ ಕೇಳ್ತೀನಿ."

ಭುವನೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ವಚನಕ್ಕೆ ಸ್ವರ ಹಿಡಿದಳು. ನಾನೂ ಎಲ್ಲರ ನಡುವೆ ಕೂತು ಹಾಡಿದೆ. ಮೂರನೆಯ ಸಾಲಿಗೆ ಬಂದಾಗ ಪೇಟಿ ನಿಂತಿತು.

"ಅಕ್ಕೋರ," ಅವಳು ಮೆಲ್ಲಗೆ ಅಂದಳು, "ನಿಮ್ಮ ಸ್ವರ ಜರಾ ಮ್ಯಾಲ ಹೋಗ್ಲಕತ್ತದರಿ."

ನಾನು ಇಳಿಸಿ ಹಾಡಿದೆ.