ಫ್ರಿಜ್ ಮೇಲಿನ ಕಟ್ಟೆ

ನನ್ನನ್ನು ನನ್ನದೇ ಕಟ್ಟೆಯಿಂದ ಹೊರಗೆ ಹಾಕಿದವನು ಬೇರೆ ಯಾರೂ ಅಲ್ಲ, ನನ್ನ ಮೈದುನ, ಗಂಡನ ಸ್ವಂತ ತಮ್ಮ.

ಮೊಬೈಲ್ ರಿಪೇರಿ ನನ್ನ ಕಸುಬು. ಬ್ಯಾಟರಿ ಏಕೆ ಉಬ್ಬುತ್ತದೆ, ಯಾವ ಚಾರ್ಜರ್ ಕೊಳ್ಳಬೇಕು ಎಂದು ಕೇಳುವವರಿಗಾಗಿ ಇಂಟರ್ನೆಟ್ಟಿನಲ್ಲಿ ‘ಚಾರ್ಜ್ ಕಟ್ಟೆ’ ಎಂಬ ತಾಣ ಮಾಡಿದ್ದೆ. ಯಾವ ಕಂಪನಿಯ ಹಂಗೂ ಬೇಡವೆಂದು ಅಡುಗೆಮನೆಯ ಫ್ರಿಜ್ ಮೇಲಿಟ್ಟ ಹಳೇ ಲ್ಯಾಪ್‌ಟಾಪಿನಲ್ಲೇ ಅದನ್ನು ನಡೆಸುತ್ತಿದ್ದೆ. ಮನೆಯವನಲ್ಲವೇ ಎಂದು ಮೈದುನನಿಗೆ ಉಸ್ತುವಾರಿ ಕೊಟ್ಟೆ. ಅವನು ತನ್ನ ಅಂಗಡಿಯ ಅಗ್ಗದ ಚಾರ್ಜರನ್ನು ಅಲ್ಲಿ ಹಾಡಿ ಹೊಗಳತೊಡಗಿದ. ನಾನು ಒಂದನ್ನು ಬಿಚ್ಚಿ ನೋಡಿ, ‘ಒಳಗೆ ರಕ್ಷಣೆಯ ಭಾಗವೇ ಇಲ್ಲ, ಕೊಳ್ಳಬೇಡಿ’ ಎಂದು ಬರೆದೆ. ಮರುದಿನ ನನ್ನ ಬರಹವೂ ಇಲ್ಲ, ಹೆಸರೂ ಇಲ್ಲ. ‘ಹೊಟ್ಟೆಕಿಚ್ಚಿನವರಿಗೆ ಇಲ್ಲಿ ಜಾಗವಿಲ್ಲ’ ಎಂಬ ಸೂಚನೆಯೊಂದಿತ್ತು.

ಸ್ಟೂಲ್ ಹತ್ತಿ ಆ ಲ್ಯಾಪ್‌ಟಾಪನ್ನು ಕೆಳಗಿಳಿಸಿ ನಾಲ್ಕು ಕೀಲಿ ಒತ್ತಿದ್ದರೆ ನನ್ನ ಹೆಸರು ವಾಪಸ್ ಬರುತ್ತಿತ್ತು. ಆದರೆ ಅಷ್ಟಕ್ಕೇ ನನ್ನ ಹೊಟ್ಟೆ ತಣ್ಣಗಾಗುವಂತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಕಟ್ಟೆಯಲ್ಲೇ ಚಾರ್ಜರ್ ಮಾರಾಟ ಶುರು ಮಾಡುವವನಿದ್ದ. ಬ್ಯಾಟರಿ ಪೂರ್ತಿ ಬರಿದಾಗಲೆಂದು ಬೆಳಿಗ್ಗೆಯೇ ನಾನು ಲ್ಯಾಪ್‌ಟಾಪಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. ಹಾಳಾದ್ದು, ಲ್ಯಾಪ್‌ಟಾಪ್ ಆರಲೇ ಇಲ್ಲ! ‘ಸದಾ ನೂರಕ್ಕೆ ನೂರು ತುಂಬಿಸಿಡಬೇಡಿ, ಎಂಬತ್ತಕ್ಕೆ ನಿಲ್ಲಿಸಿ’ ಎಂದು ಊರಿಗೆಲ್ಲ ಹೇಳಿ ನಾನೂ ಹಾಗೇ ನಡೆದುಕೊಂಡಿದ್ದೆನಲ್ಲ, ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ನನ್ನ ಸೇಡಿಗೆ ನನ್ನ ಸಲಹೆಯೇ ಅಡ್ಡ ಬಂತು. ಹಲ್ಲು ಕಚ್ಚಿಕೊಂಡು ಅತ್ತೆಯ ಜೊತೆ ತರಕಾರಿ ಹೆಚ್ಚುತ್ತ ಕಾದೆ. ಕೊನೆಗೂ ಪರದೆ ಕಪ್ಪಾಯಿತು.

ಸ್ವಲ್ಪ ಹೊತ್ತಿಗೆ ಮೈದುನ ಮಾರಾಟದ ಚಾರ್ಜರೊಂದನ್ನು ಕೈಯಲ್ಲಿ ಹಿಡಿದೇ ಏದುಸಿರು ಬಿಡುತ್ತ ಬಂದ.

“ಅತ್ತಿಗೆ, ಕಟ್ಟೆ ನಿಂತೋಗಿದೆ! ಜನ ಕಾಯ್ತಿದಾರೆ. ಅದು ಎಲ್ಲಿಂದ ನಡೆಯುತ್ತೆ?”

“ಇನ್ನೆಲ್ಲಿಂದ, ಆ ಫ್ರಿಜ್ ಮೇಲಿಂದ. ಬೆಳಿಗ್ಗೆ ಇವಳೇ ವೈರ್ ಕಿತ್ತಳಲ್ಲ,” ಎಂದು ನನ್ನ ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ಅವನ ಮುಖ ಕೆಂಪಾಯಿತು. “ನಿಮ್ಮ ಚಾರ್ಜರ್ ಕೊಡಿ.”

“ನನ್ನದ್ಯಾಕೆ? ನಿನ್ನ ಕೈಲೇ ಇದೆಯಲ್ಲ. ಫೋನಿಗೂ ಲ್ಯಾಪ್‌ಟಾಪಿಗೂ ಇದೊಂದೇ ಸಾಕು ಅಂತ ಬರೆದೋನು ನೀನೇ. ಹಾಕು.”

ಅವನು ಪ್ಲಗ್ಗಿನವರೆಗೆ ಕೈ ಒಯ್ದ. ಅಲ್ಲಿಂದ ಮುಂದಕ್ಕೆ ಕೈ ಹೋಗಲಿಲ್ಲ.

“ಬೇಡ ಅತ್ತಿಗೆ. ಎಲ್ಲರೂ ಬರೆದಿದ್ದೆಲ್ಲಾ ಇದರಲ್ಲೇ ಇದೆ. ಸುಟ್ಟು ಹೋದ್ರೆ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಚಾಕು ಕೆಳಗಿಟ್ಟರು.

“ಮತ್ತೆ ನನಗೆ ಯಾಕೋ ಇದನ್ನೇ ಕೊಟ್ಟೆ? ದಿನಾ ದಿಂಬಿನ ಪಕ್ಕ ಹಾಕ್ಕೊಂಡು ಮಲಗ್ತೀನಲ್ಲೋ.”

ಅವನು ಕೈಯಲ್ಲಿದ್ದ ಚಾರ್ಜರನ್ನು ಬೆನ್ನ ಹಿಂದೆ ಸರಿಸಿದ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅತ್ತೆ ಕೋಣೆಗೆ ಹೋಗಿ ಆ ಚಾರ್ಜರನ್ನು ತಂದು ಅವನ ಕೈಗೆ ತುರುಕಿದರು. ನಾನು ನನ್ನದನ್ನು ಹಾಕಿ ಕಟ್ಟೆಯನ್ನು ಎಬ್ಬಿಸಿದೆ. ಕಾಯುತ್ತಿದ್ದ ಜನರ ಮುಂದೆ ಅತ್ತೆಯ ಪ್ರಶ್ನೆಯನ್ನು ಅಕ್ಷರ ಬಿಡದೆ ಟೈಪ್ ಮಾಡಿದೆ. ನನ್ನನ್ನು ಹೊರಗಟ್ಟಿದವನನ್ನು ನಾನು ಹೊರಗಟ್ಟಲಿಲ್ಲ. ಆ ಪ್ರಶ್ನೆಯ ಕೆಳಗೆ ಅವನೊಬ್ಬನೇ ಉತ್ತರ ಬರೆಯುವಂತೆ ಮಾಡಿಟ್ಟೆ.

ಆ ಜಾಗ ಇನ್ನೂ ಖಾಲಿ ಇದೆ. ಕಟ್ಟೆಗೆ ಯಾರೇ ಬರಲಿ, ಮೊದಲು ಕಾಣುವುದು ಅದೇ.